ಎದುರಿನ ನಾಲ್ಕು ಹಲ್ಲು

ಓಷನ್ ವ್ಯೂ, ಕೇಪ್ ಟೌನ್
೨೧ ಆಗಸ್ಟ್ ೧೯೯೬, ಬುಧವಾರ

ಪ್ರೀತಿಯ ಆಬ್ರಿ,

ಹೇಗಿದ್ದೀಯ? ಕೈ ಹೇಗಿದೆ? ಹೋದ ಸಲ ಸಿಗಡಿಯ ಮುಳ್ಳು ಚುಚ್ಚಿ ಹೆಬ್ಬೆರಳು ಬದನೆಕಾಯಿಯಾಗಿತ್ತಲ್ಲ, ಈ ಸಲವಾದರೂ ಹಡಗಿನಲ್ಲಿ ಕೈಗವಸು ಹಾಕಿಕೊಂಡೇ ಸಿಗಡಿ ಬುಟ್ಟಿ ಎಳೆ. ದಪ್ಪ ಕಾಲುಚೀಲ ಎರಡು ಜೊತೆ ಚೀಲದ ತಳದಲ್ಲಿ ಇಟ್ಟಿದ್ದೆ. ಅವನ್ನು ಯಾರಿಗೋ ದಾನ ಮಾಡಿ ನೀನು ನಡುಗುತ್ತ ಕೂತಿದ್ದರೆ ನನಗೆ ಹೇಳಬೇಡ, ನಿನ್ನ ಧಾರಾಳ ನನಗೆ ಗೊತ್ತಿದೆ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನಿನ್ನ ಅಮ್ಮನ ಮಂಡಿ ಗಾಳಿ ತಿರುಗಿದಾಗ ನೋಯುತ್ತದೆ, ಬಾಯಿ ಮಾತ್ರ ಯಾವ ಗಾಳಿಗೂ ನೋಯುವುದಿಲ್ಲ. ಸ್ನೂಕ್ ಮೀನು ಬರಲು ಶುರುವಾಗಿದೆ. ಮೊನ್ನೆ ಒಂದು ತಂದು ಸುಟ್ಟೆವು. ನಿನ್ನ ಕುರ್ಚಿ ಖಾಲಿ ಇತ್ತು, ಬಾಲದ ತುಂಡು ಯಾರಿಗೆ ಎಂಬ ಜಗಳ ಮಾತ್ರ ಇರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಶನಿವಾರ ನಿಮ್ಮ ಕಡೆಗೆ ಹೊರಡುವ ಹಡಗಿಗೆ ಕಾಗದ ಸೇರಬೇಕಾದರೆ ಶುಕ್ರವಾರ ಮಧ್ಯಾಹ್ನದೊಳಗೆ ಬಂದರಿನ ಕಚೇರಿಗೆ ಕೊಡಬೇಕು. ಇದು ನಿನ್ನ ಕೈಗೆ ಬರುವಷ್ಟರಲ್ಲಿ ಆಗಬೇಕಾದ್ದು ಆಗಿರುತ್ತದೆ, ನಿನ್ನ ಉತ್ತರಕ್ಕೆ ಕಾಯುವ ಹಾಗಿಲ್ಲ. ಕಂಪನಿಯ ರೇಡಿಯೋದಲ್ಲಿ ಒಂದು ಮಾತು ಕೇಳಿಸಿ ಎಂದು ಅಂಗಲಾಚಿದೆ. ಹುಟ್ಟು, ಸಾವು ಎರಡನ್ನೇ ಹೇಳುತ್ತಾರಂತೆ. ಹಲ್ಲು ಅದರಲ್ಲಿ ಬರುವುದಿಲ್ಲವಂತೆ. ಆ ಕಚೇರಿಯ ಗುಮಾಸ್ತ ನಗಲಿಲ್ಲ ಕೂಡ.

ಹೌದು, ಹಲ್ಲಿನ ವಿಷಯವೇ. ನಮ್ಮ ಶಾರ್ನೆಲ್‌ಗೆ ದೊಡ್ಡ ದಂತ ಆಸ್ಪತ್ರೆಯಲ್ಲಿ ಎರಡು ವರ್ಷ ಕಾದ ಮೇಲೆ ಸರದಿ ಬಂತು. ಅವಳ ಮೇಲಿನ ಎರಡು ಕೋರೆಹಲ್ಲು ನಿನಗೆ ಗೊತ್ತಲ್ಲ, ಜಾಗ ಸಿಗದೆ ವಸಡಿನ ಮೇಲೇ ನಿಂತಿವೆ, ಬಸ್ಸಿನಲ್ಲಿ ಸೀಟು ಸಿಗದೆ ಬಾಗಿಲಲ್ಲಿ ಜೋತುಬಿದ್ದವರ ಹಾಗೆ. ಶಾಲೆಯಲ್ಲಿ ಹುಡುಗರು "ಕಾಡುಹಂದಿ ಬಂತು, ದಾರಿ ಬಿಡ್ರೋ" ಅನ್ನುತ್ತಾರೆ. ನೀನು ಹೋದ ಮೇಲೆ ಮಗಳು ಕೈ ಅಡ್ಡ ಹಿಡಿಯದೆ ನಕ್ಕಿದ್ದನ್ನು ನಾನು ನೋಡಿಲ್ಲ. ಹನ್ನೆರಡನೆಯ ತಾರೀಖು ಅಂಗಿ ಫ್ಯಾಕ್ಟರಿಗೆ ರಜೆ ಹೇಳಿ, ಎರಡು ರೈಲು ಹತ್ತಿ ಇಳಿದು ಕರೆದುಕೊಂಡು ಹೋದೆ. ಅಲ್ಲಿ ನಾನು ಮಾಡಿದ ರಂಪಾಟವನ್ನು ನೀನು ನೋಡಿದ್ದರೆ ಒಂದು ತಿಂಗಳು ನಗುತ್ತಿದ್ದೆ.

ಅಲ್ಲಿದ್ದವಳು ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಮೆತ್ತಗಿನ ಮಾತು. ಬಾಯಿ ನೋಡಿದಳು, ಅಚ್ಚು ತೆಗೆದಳು, ಫೋಟೋ ತೆಗೆಸಿದಳು. ಆಮೇಲೆ "ನಾಲ್ಕು ಹಲ್ಲು ತೆಗೀಬೇಕಾಗುತ್ತೆ" ಅಂದಳು. ನಮ್ಮ ಬೀದಿಯಲ್ಲಿ ನಾಲ್ಕು ಎಂದರೆ ಯಾವ ನಾಲ್ಕು, ನೀನೇ ಹೇಳು. ಚಂದಕ್ಕೆಂದು ಎಲ್ಲರೂ ಕೀಳಿಸುವ ಎದುರಿನ ನಾಲ್ಕು ಬಿಟ್ಟು ಬೇರೆ ನಾಲ್ಕನ್ನು ಯಾರಾದರೂ ಯಾವತ್ತಾದರೂ ಹೇಳಿದ್ದುಂಟೇ? ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಎರಡು ವರ್ಷ ಕಾದಿದ್ದು ಇದಕ್ಕಾ ತಾಯಿ? ಈ ಕೆಲ್ಸಾನ ನಮ್ಮ ಬಸ್ ಸ್ಟಾಪಿನ ಹಿಂದಿನ ಡಾಕ್ಟ್ರು ಊಟದ ಬಿಡುವಿನಲ್ಲಿ ಮಾಡಿ ಮುಗಿಸ್ತಾರಲ್ಲ!" ಎಂದು ಕೂಗಿದೆ. ಕೂಗಿದ ರಭಸಕ್ಕೆ ನನ್ನ ಹಲ್ಲಿನ ಸೆಟ್ಟು ಸಡಿಲಾಗಿ ನಾಲಿಗೆಯ ಮೇಲೆ ಬಂತು. ಕಾಯುತ್ತಿದ್ದ ಹೆಂಗಸರೆಲ್ಲ ಘೊಳ್ ಎಂದು ನಕ್ಕರು. ಅವರಲ್ಲಿ ಅರ್ಧ ಜನರ ಬಾಯಲ್ಲೂ ಎದುರಿನ ನಾಲ್ಕು ಇರಲಿಲ್ಲ. ಶಾರ್ನೆಲ್ ಮುಖ ಮುಚ್ಚಿಕೊಂಡು "ಮಮ್ಮಿ, ಕೂತ್ಕೊ, ದಮ್ಮಯ್ಯ" ಅಂದಳು.

ಡಾಕ್ಟರಮ್ಮ ನಗಲಿಲ್ಲ. ಅಚ್ಚನ್ನು ನನ್ನ ಕೈಯಲ್ಲಿಟ್ಟು ತೋರಿಸಿದಳು. ಅವಳು ತೆಗೆಯುವುದು ಎದುರಿನವನ್ನಲ್ಲ, ಕೋರೆಯ ಹಿಂದಿನವು: ಮೇಲೆ ಎರಡು, ಕೆಳಗೆ ಎರಡು. ಆ ಜಾಗಕ್ಕೆ ಕೋರೆಹಲ್ಲು ಇಳಿದು ಬರುತ್ತದೆ, ಎರಡೂವರೆ ವರ್ಷ ಕ್ಲಿಪ್ಪು ಹಾಕಿ ತಂತಿ ಬಿಗಿಯುತ್ತಾರೆ, ಆಮೇಲೆ ಅಲ್ಲಿ ಹಲ್ಲಿತ್ತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ತೆಗೆಯದೆ ಅಗಲ ಮಾಡಲು ಆಗುವುದಿಲ್ಲವೇ ಎಂದು ಕೇಳಿದೆ. ಕೆಲವರಿಗೆ ಆಗುತ್ತದಂತೆ. ಇವಳಿಗೆ ಹಾಗೆ ಮಾಡಿದರೆ ಹಲ್ಲು ಮುಂದಕ್ಕೆ ಉಬ್ಬಿ ತುಟಿ ಮುಚ್ಚುವುದೇ ಕಷ್ಟವಂತೆ. ಕೊನೆಗೆ ಅವಳೇ ಒಂದು ಮಾತು ಹೇಳಿದಳು: "ಏನೂ ಮಾಡದೇ ಬಿಟ್ರೂ ಆಗುತ್ತಮ್ಮಾ. ಹಲ್ಲುಜ್ಜೋದು ಸ್ವಲ್ಪ ಕಷ್ಟ, ಅಷ್ಟೆ. ಇದು ಕಾಯಿಲೆ ಅಲ್ಲ." ಕಾಯಿಲೆ ಎಂದಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು! ಕಾಯಿಲೆಯಾದರೆ ಯೋಚಿಸುವ ಕೆಲಸವೇ ಇರುವುದಿಲ್ಲ. ಫಾರಂ ಕೊಟ್ಟಿದ್ದಾಳೆ. ಅಪ್ಪ ಅಮ್ಮ ಇಬ್ಬರ ಸಹಿಗೂ ಸಾಲಿದೆ, ಕೆಳಗೆ ಮಗುವಿನ ಹೆಸರಿಗೂ ಒಂದು ಸಾಲಿದೆ. ಸೆಪ್ಟೆಂಬರ್ ಎರಡು, ಸೋಮವಾರ ಬರಬೇಕು. ಬರದಿದ್ದರೆ ಸರದಿ ಮುಂದಿನ ಮಗುವಿಗೆ.

ಮನೆಗೆ ಬಂದು ಹೇಳಿದರೆ ನಿನ್ನ ಅಮ್ಮ ಕುಸಿಸ್ಟರ್ ಸಿಹಿ ಕರಿಯುತ್ತಿದ್ದವರು ಜಾಲರಿ ಸೌಟನ್ನು ಹಾಗೇ ಎತ್ತಿ ಹಿಡಿದರು. "ಹಿಂದಿನ ಹಲ್ಲು ಕಿತ್ತು ಎದುರಿನ ವಕ್ರ ಇಟ್ಕೋಬೇಕಾ? ಯಾವೂರ ಬುದ್ಧಿನೇ ಇದು? ಎದುರಿಂದು ನಾಲ್ಕು ತೆಗ್ಸು, ಸೆಟ್ಟು ಹಾಕ್ಸು, ಕ್ರಿಸ್‌ಮಸ್ಸಿಗೆ ಹುಡುಗಿ ರಾಣಿ ಥರ ಇರ್ತಾಳೆ. ಎರಡೂವರೆ ವರ್ಷ ಬಾಯ್ತುಂಬ ಬೇಲಿ ತಂತಿ ಯಾರಿಗೆ ಬೇಕು?" ಎಂದರು. ಅವರ ಮಾತಿನಲ್ಲಿ ಕೆಟ್ಟತನವಿಲ್ಲ, ಅದೇ ನನ್ನ ಕಷ್ಟ. ಎಂಬತ್ತರ ಹತ್ತಿರ ಬಂದರೂ ಹಲ್ಲುನೋವು ಎಂದರೇನೆಂದು ಅವರಿಗೆ ಗೊತ್ತಿಲ್ಲ, ಇದ್ದರಲ್ಲವೇ ನೋಯುವುದು! ಹದಿನಾಲ್ಕನೆಯ ಹುಟ್ಟುಹಬ್ಬಕ್ಕೆ ಮೊಮ್ಮಗಳಿಗೆ ಅವಳ ಔಮಾ ಕೊಡುವ ಉಡುಗೊರೆ ಇದೇ ಎಂದು ಇಡೀ ಬೀದಿಗೆ ಹೇಳಿದ್ದಾರೆ. ಬಸ್ ಸ್ಟಾಪಿನ ಡಾಕ್ಟರ ಹತ್ತಿರ ಮೂವತ್ತೊಂದನೆಯ ತಾರೀಖು ಶನಿವಾರಕ್ಕೆ ಹೆಸರನ್ನೂ ಬರೆಸಿ ಬಂದಿದ್ದಾರೆ. ಅಂದರೆ ಆಸ್ಪತ್ರೆಗಿಂತ ಎರಡು ದಿನ ಮುಂಚೆ. ನಾನು ಬಾಯಿ ತೆರೆದರೆ ಅವರದು ಒಂದೇ ಮಾತು: "ನನ್ನ ಮಗ ಹಡಗು ಹತ್ತುವಾಗ ಏನಂದ, ನಿಂಗೇ ಗೊತ್ತಲ್ಲ."

ಗೊತ್ತು. ನೀನು ಗೇಟಿನಲ್ಲಿ ಚೀಲ ಹೆಗಲಿಗೆ ಹಾಕಿಕೊಂಡು ಮಗಳ ಗಲ್ಲ ಹಿಡಿದು "ತೆಗೆಸ್ಬಿಡೇ, ಅಮ್ಮನ ಥರ ಚಂದ ಆಗ್ತೀಯ" ಅಂದೆ. ನೀನು ಪ್ರೀತಿಯಿಂದಲೇ ಅಂದೆ. ಆದರೆ ಹಾಗಂದು ನೀನು ಹಡಗು ಹತ್ತಿಬಿಟ್ಟೆ, ಆ ಮಾತು ನಮ್ಮ ಮನೆಯಲ್ಲಿ ಉಳಿದುಕೊಂಡಿತು. ಈಗ ಅದು ನಿನ್ನ ಅಮ್ಮನ ಕೈಯಲ್ಲಿರುವ ಕೋಲು. ಅವರ ಹೆಸರಿನ ಮನೆ, ಅವರ ಮೊಮ್ಮಗಳು, ಅವರ ಮಗನ ಮಾತು. ನಾನು ಯಾರು ಇಲ್ಲಿ? ಆಸ್ಪತ್ರೆಗೆ ಹೂಂ ಎಂದರೆ ಗಟ್ಟಿ ಹಲ್ಲು ಕೀಳಿಸಿದ ತಾಯಿ, ಬೇಡ ಎಂದರೆ ಮಗಳನ್ನು ಶನಿವಾರದ ಕುರ್ಚಿಗೆ ನಾನೇ ನೂಕಿದ ಹಾಗೆ. ಅತ್ತ ದರಿ ಇತ್ತ ಪುಲಿ ಎಂದು ಹೇಳುವುದನ್ನು ಕೇಳಿದ್ದೆ, ಅಲ್ಲಿ ನಿಂತು ಕಾಲರ್ ಹೊಲಿಯುವುದು ಹೇಗೆಂದು ಈಗ ಗೊತ್ತಾಗಿದೆ. ಹೋದ ವಾರ ಕಾಲರ್ ತಿರುವುಮುರುವಾಗಿ ಹಾಕಿ ಹನ್ನೆರಡು ಅಂಗಿಯ ಹೊಲಿಗೆ ಬಿಚ್ಚಿದೆ.

ಇಷ್ಟರ ಮೇಲೆ ನಿನ್ನ ಮಗಳು. ಅವಳ ತರಗತಿಯ ಮೂವರು ಹುಡುಗಿಯರು ಜೂನ್ ರಜೆಯಲ್ಲಿ ತೆಗೆಸಿಕೊಂಡು ಬಂದಿದ್ದಾರೆ. ಮೂವರೂ ಗೋಡೆಯ ಮೇಲೆ ಸಾಲಾಗಿ ಕೂತು ಸೆಟ್ಟನ್ನು ನಾಲಿಗೆಯಿಂದ ಹೊರಗೆ ಒಳಗೆ ಆಡಿಸುತ್ತಾರೆ, ಇವಳು ನೋಡುತ್ತಾ ನಿಲ್ಲುತ್ತಾಳೆ. ಶುಕ್ರವಾರ ನಾನು ಆಸ್ಪತ್ರೆಯೇ ಸರಿ ಎಂದು ಜೋರು ಮಾಡಿದಾಗ ಅವಳು ಪಾತ್ರೆ ಒರೆಸುತ್ತಿದ್ದವಳು ತಿರುಗಿ ಕೇಳಿದಳು: "ಆ ಡಾಕ್ಟ್ರಮ್ಮಂದೂ ನಾಲ್ಕು, ಔಮಾದೂ ನಾಲ್ಕು. ಎರಡು ಕಡೆನೂ ಚೆನ್ನಾಗಿರೋ ಹಲ್ಲೇ ಕೀಳೋದು. ನಿಂಗೆ ಕಿತ್ತೋರು ಬಿಳಿ ಕೋಟು ಹಾಕಿದ್ರೆ ಸಾಕಾ ಮಮ್ಮಿ?" ಬೇರೆ ದಿನವಾಗಿದ್ದರೆ ಕಪಾಳಕ್ಕೆ ಒಂದು ಬಿಡುತ್ತಿದ್ದೆ. ಕೈ ಏಳಲಿಲ್ಲ, ಯಾಕೆಂದರೆ ಅವಳು ಕೇಳಿದ್ದು ನ್ಯಾಯವಾಗಿತ್ತು. ಎರಡು ದಿನ ಉತ್ತರ ಹುಡುಕಿದೆ, ಆಬ್ರಿ. ಇಸ್ತ್ರಿ ಮಾಡುತ್ತಾ ಹುಡುಕಿದೆ, ಚರ್ಚಿನಲ್ಲಿ ಹಾಡುತ್ತಾ ಹುಡುಕಿದೆ. ಪಾದ್ರಿಗಳು ಏನು ಉಪದೇಶ ಮಾಡಿದರೆಂದು ಕೇಳಬೇಡ.

ಭಾನುವಾರ ಊಟವಾದ ಮೇಲೆ ನಿನ್ನ ಅಮ್ಮ ಮಲಗಿದ್ದಾಗ ಶಾರ್ನೆಲ್‌ಳನ್ನು ಅಡುಗೆಮನೆಯ ಕಿಟಕಿಯ ಹತ್ತಿರ ಕೂರಿಸಿಕೊಂಡೆ. ಒಂದು ಸೇಬು ತೆಗೆದುಕೊಂಡೆ. ಸೆಟ್ಟು ತೆಗೆದು ಮೇಜಿನ ಮೇಲಿಟ್ಟೆ. ಅವಳು ನನ್ನನ್ನು ಹಾಗೆ ನೋಡಿದ್ದು ತಮಾಷೆಯ ಹೊತ್ತಿನಲ್ಲಿ, ನೀನು ಹಡಗಿಳಿದು ಬಂದಾಗ ಗೇಟಿನಲ್ಲೇ "ತೆಗೆದು ನಗು, ನೋಡೋಣ" ಅನ್ನುತ್ತೀಯಲ್ಲ, ಆಗ ಮಾತ್ರ. ಬೆಳಕಿಗೆ ಬಾಯಿ ತೆರೆದು ಬೆರಳು ಹಾಕಿ ನೋಡು ಅಂದೆ. ಹದಿನೇಳು ವರ್ಷದಲ್ಲಿ ವಸಡು ಹೇಗೆ ಸವೆದು ಕತ್ತಿಯ ಅಂಚಾಗಿದೆ, ಸೆಟ್ಟಿನ ಕೊಕ್ಕೆ ಹಿಡಿದಿದ್ದ ಪಕ್ಕದ ಹಲ್ಲುಗಳು ಹೇಗೆ ಒಂದೊಂದಾಗಿ ಹೋದವು, ಎಲ್ಲ ತೋರಿಸಿದೆ. ಸೇಬು ಕಚ್ಚಲು ಹೋದೆ, ಅದು ಜಾರಿತು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂದು ನಗಲು ನೋಡಿದೆ. ಅವಳು ನಗಲಿಲ್ಲ. "ನಿಂಗೆ ಯಾಕೆ ತೆಗ್ಸಿದ್ರು?" ಎಂದು ಕೇಳಿದಳು. ನಾನು ನಿನಗೆ ಹೇಳಿರುವ ಕತೆ ಗೊತ್ತಲ್ಲ: ಫ್ಯಾಕ್ಟರಿಯಲ್ಲಿ ನಮ್ಮ ಸಾಲಿನ ನಾಲ್ವರು ಹುಡುಗಿಯರು, ಒಂದು ಶನಿವಾರ, ಕುಣಿಯುತ್ತಾ ಹೋದೆವು, ಹತ್ತರ ಕೂಡ ಹನ್ನೊಂದು. ಅವಳಿಗೆ ಉಳಿದದ್ದನ್ನೂ ಹೇಳಿದೆ. ಅದನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ.

ಆಮೇಲೆ ಅವಳ ಪ್ರಶ್ನೆಗೆ ನನಗೆ ಹೊಳೆದ ಉತ್ತರ ಕೊಟ್ಟೆ. ಬಿಳಿ ಕೋಟಿಗಲ್ಲ ಮಗಳೇ, ಅಲ್ಲಿ ಕೀಳುವುದು ಉಳಿದವಕ್ಕೆ ಜಾಗ ಮಾಡುವುದಕ್ಕೆ, ಇಲ್ಲಿ ಕಿತ್ತ ಮೇಲೆ ಉಳಿಯುವುದು ಜಾಗ ಮಾತ್ರ, ಎಂದೆ. ಇನ್ನೂ ಒಂದಿದೆ: ನನ್ನನ್ನು ಯಾರೂ ಕೇಳಲಿಲ್ಲ, ನಿನ್ನನ್ನು ಕೇಳುತ್ತಿದ್ದೇನೆ. ಕ್ಲಿಪ್ಪು ಹಾಕಿಸಿಕೋ, ಇಲ್ಲವೇ ಹಾಗೇ ಬಿಡು, ಎರಡಕ್ಕೂ ನಾನಿದ್ದೇನೆ. ಅವಳು ಜಾಣೆ, ನಿನ್ನ ಮಗಳಲ್ಲವೇ! "ಮೂರನೇದು, ಔಮಾದು, ಹೇಳಿದ್ರೆ?" ಅಂದಳು. ಕೇಳುತ್ತೇನೆ ಎಂದು ಹೇಳಿ ಒಂದು ಬಾಗಿಲಿಗೆ ನಾನೂ ಅಡ್ಡ ನಿಂತಿದ್ದೆ. ಅದು ಅವಳಿಗೂ ಗೊತ್ತಾಯಿತು. ಫಾರಂ ತೆಗೆದುಕೊಂಡು ಒಳಗೆ ಹೋದಳು. ಮೂರು ದಿನವಾಯಿತು, ಒಂದು ಮಾತಿಲ್ಲ. ಮೂವತ್ತೊಂದನೆಯ ತಾರೀಖು ಹತ್ತಿರ ಬರುತ್ತಿದೆ. ಅಜ್ಜಿ ಅವಳ ತಲೆ ಬಾಚುತ್ತಾ ಸೆಟ್ಟಿನ ಬಣ್ಣದ ಮಾತಾಡುತ್ತಾರೆ.

ಸಾಕು, ದೀಪದ ಎಣ್ಣೆಯಲ್ಲ, ನನ್ನ ಬುದ್ಧಿ ಮುಗಿಯುತ್ತಾ ಬಂತು. ಹುಷಾರಾಗಿರು. ಹಡಗಿನ ಅಡುಗೆಯವನಿಗೆ ನನ್ನ ನಮಸ್ಕಾರ ಹೇಳು, ಮೆಣಸಿನ ಉಪ್ಪಿನಕಾಯಿ ಬಾಟಲಿ ವಾಪಸು ಬೇಕೆಂದೂ ಹೇಳು. ನಿನ್ನ ಅಮ್ಮ ಆಶೀರ್ವಾದ ಕಳಿಸಿದ್ದಾರೆ, ಪ್ರತಿ ರಾತ್ರಿ ಮೊದಲು ನಿನ್ನ ಹೆಸರು ಹಿಡಿದೇ ಪ್ರಾರ್ಥಿಸುತ್ತಾರೆ. ದೇವರು ಆ ತಣ್ಣನೆಯ ನೀರಿನಲ್ಲಿ ನಿನ್ನ ಕಾಲು ಗಟ್ಟಿಯಾಗಿ ಊರಿಸಲಿ.

ನಿನ್ನವಳೇ ಆದ,
ರೊವೀನಾ

ಮರೆತಿದ್ದು: ಶುಕ್ರವಾರ ಬೆಳಿಗ್ಗೆ, ಬಂದರಿನ ಕಚೇರಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಬೆಳಿಗ್ಗೆ ಶಾರ್ನೆಲ್ ನನ್ನ ಊಟದ ಡಬ್ಬಿಯ ಮೇಲೆ ಫಾರಂ ಇಟ್ಟಿದ್ದಳು. ತನ್ನ ಸಾಲಿನಲ್ಲಿ ಹೆಸರು ಬರೆದು, ಕೆಳಗೆ "ಹಿಂದಿನ ನಾಲ್ಕು. ಕಿತ್ತ ಹಲ್ಲು ನನ್ನ ಕೈಗೇ ಕೊಡಬೇಕು" ಎಂದು ಬರೆದಿದ್ದಾಳೆ. ಔಮಾಗೆ ತಾನೇ ಹೇಳುತ್ತಾಳಂತೆ. ನಿನ್ನ ಸಾಲಿನಲ್ಲಿ ನಿನ್ನ ಸಹಿಯನ್ನು ನಾನೇ ಹಾಕಿದ್ದೇನೆ, ನಿನ್ನ ಆ ಬಾಲವಿರುವ ಅಕ್ಷರ ಚೆನ್ನಾಗಿಯೇ ಬಂತು. ಕೋಪವಿದ್ದರೆ ನವೆಂಬರಿನಲ್ಲಿ ಬಂದು ನನ್ನ ಮೇಲೆ ತೀರಿಸಿಕೋ, ಮಗಳ ಮೇಲಲ್ಲ. ಗುಮಾಸ್ತ ಚೀಲ ಕಟ್ಟುತ್ತಿದ್ದಾನೆ, ಒಂದೇ ಮಾತು. ಬಂದಾಗ ಗೇಟಿನಲ್ಲಿ "ತೆಗೆದು ನಗು" ಅನ್ನಬೇಡ. ಫ್ಯಾಕ್ಟರಿಯ ನಾವು ನಾಲ್ವರು ಹೋದ ಆ ಶನಿವಾರ ನನ್ನ ಸರದಿ ಕೊನೆಯದಾಗಿತ್ತು. ಆ ಕುರ್ಚಿಯಲ್ಲಿ ಕೂತ ಮೇಲೆ ನಾನು ಬೇಡ ಅಂದಿದ್ದೆ, ಆಬ್ರಿ. ಎರಡು ಸಲ ಅಂದಿದ್ದೆ.