ಉರಿಯದ ಬಾಯ್ಲರಿನ ಕಾವಲು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 8
ವಾಲ್ವ್‌ಗಳಿಗೆ ಎಣ್ಣೆ. ಶಾಫ್ಟ್ ಬಾಗದಿರಲೆಂದು ಟರ್ಬೈನನ್ನು ಮೆಲ್ಲಗೆ ತಿರುಗಿಸಿದ್ದು. ಹನ್ನೊಂದು ತಿಂಗಳಿಂದ ಇಷ್ಟೇ. ಕಲ್ಲಿದ್ದಲು ಘಟಕಗಳನ್ನೆಲ್ಲ ಮುಚ್ಚಿದರು; ಈಗ ಕರೆಂಟೆಲ್ಲ ಗಾಳಿಯಂತ್ರಗಳದು, ಗಾಳಿ ಬಿದ್ದ ದಿನಕ್ಕಿರಲಿ ಎಂದು ಇದೊಂದನ್ನು ಉಳಿಸಿಕೊಂಡರು. ಉರಿದರೆ ಅಲ್ಲ, ಉರಿಯದೆ ಸಿದ್ಧವಾಗಿ ನಿಂತರೆ ಈಗ ಮಾರುಕಟ್ಟೆಯಲ್ಲಿ ಬೆಲೆ. ಗ್ರಿಡ್‌ನವರು ಕರೆದರೆ ಆರು ಗಂಟೆಗಳೊಳಗೆ ಕರೆಂಟ್ ಕೊಡಬೇಕು.

ಭಾವನ ಫೋನ್. ಅಕ್ಕ ಮತ್ತೆ ಆಸ್ಪತ್ರೆಯಲ್ಲಿ. "ಈ ಸಲ ಬಂದ್ಬಿಡಪ್ಪ." ಇಡೀ ದಿನದ ದಾರಿ.

ಮಧ್ಯಾಹ್ನ 2
ಜೊತೆಯ ಆಪರೇಟರ್ ಗದರಿದ: "ಹೋಗಿ ಸಾರ್, ನಾವಿಲ್ವಾ? ಇದೇನು ಹಸುಗೂಸಾ, ಬಿಟ್ಟೋದ್ರೆ ಅಳೋಕೆ?"
ಆರು ಗಂಟೆಗಳ ನಿಯಮ ಹೇಳಿದೆ. ಇದನ್ನು ಹಚ್ಚಲು ನಾನೇ ಬೇಕು ಎಂದೆ.

ಮಾರ್ಚ್ 5, ಬುಧವಾರ
ಗಾಳಿ ಇಳಿಯುತ್ತಿದೆ. ಫೋನಿನಲ್ಲಿ ಅಕ್ಕ. ಎರಡು ಮಾತಿಗೊಮ್ಮೆ ಉಸಿರು.
"ನಿನ್ನ ಮಸಿರಾಣಿ ಹೇಗಿದಾಳೋ?" ಬಾಯ್ಲರಿಗೆ ಅವಳಿಟ್ಟ ಹೆಸರು.
"ಮಲಗಿದಾಳೆ ಅಕ್ಕ."
"ಮಲಗಿರ್ಲಿ ಬಿಡು. ಎಬ್ಬಿಸ್ಬೇಡ."
ಇಲ್ಲಿ ನನ್ನ ಜೊತೆಗಿದ್ದಾಗ ಒಣಹಾಕಿದ ಬಟ್ಟೆಯಿಂದ ವರ್ಷಗಟ್ಟಲೆ ಬೂದಿ ಕೊಡವಿದವಳು. ಘಟಕ ಮುಚ್ಚಿಸಲು ಮನೆಮನೆ ತಿರುಗಿ ಸಹಿ ಹಾಕಿಸಿದವಳು — ನನ್ನ ಡ್ಯೂಟಿಗೆ ಬುತ್ತಿ ಕಟ್ಟುತ್ತಲೇ. ಈ ವರ್ಷ ಇದನ್ನೂ ಮುಚ್ಚುತ್ತೇವೆ ಎಂದಿದ್ದ ಸರ್ಕಾರ, ದೀಪ ಆರೀತೆಂಬ ಭಯಕ್ಕೆ ಗಡುವನ್ನು ಎರಡು ವರ್ಷ ಮುಂದೆ ತಳ್ಳಿದೆ. ಅವಳಿಗೆ ಹೇಳಲಿಲ್ಲ. ನನಗೆ ಸಂತೋಷವಾದದ್ದನ್ನಂತೂ...

ಮಾರ್ಚ್ 6, ಗುರುವಾರ. ಬೆಳಿಗ್ಗೆ 11
ಗಾಳಿ ಇನ್ನೂ ಇಳಿದಿದೆ. ಗ್ರಿಡ್ ಫೋನಿನ ಪಕ್ಕವೇ ಕೂತಿದ್ದೇನೆ.
ಇಲ್ಲಿಯಾದರೂ ಬರೆಯಬೇಕು — ನಿಯಮ ಬರೀ ನೆಪ. ಕರೆ ಬರಲಿ ಎಂದೇ ಕಾಯುತ್ತಿದ್ದೇನೆ. ಇನ್ನೊಂದೇ ಒಂದು ಸಲ ನನ್ನ ಕೈಯಾರೆ ಹಚ್ಚಬೇಕು.

ಸಂಜೆ 5
ಮಧ್ಯಾಹ್ನದ ಮೇಲೆ ಗಾಳಿ ಎದ್ದಿತು. ಗ್ರಿಡ್‌ನ ಕರೆ ಬರಲಿಲ್ಲ.
ಭಾವನದು ಬಂತು. ನಾಲ್ಕಕ್ಕೆ ಹೋದಳಂತೆ. ಕೊನೆಯ ತನಕ ಬಾಗಿಲ ಕಡೆಗೇ ನೋಡುತ್ತಿದ್ದಳಂತೆ.

ಮಾರ್ಚ್ 14, ಶುಕ್ರವಾರ
ಮರಳಿ ಡ್ಯೂಟಿಗೆ. ಬಾಯ್ಲರಿನ ಗೋಡೆ ಇನ್ನೂ ಬೆಚ್ಚಗಿತ್ತು. ಮೊನ್ನೆ ಗಾಳಿ ಪೂರಾ ಬಿತ್ತಂತೆ, ಗ್ರಿಡ್ ಕರೆಯಿತಂತೆ.
"ಒಂದೇ ಸಲಕ್ಕೆ ಹತ್ಕೊಳ್ತು ಸಾರ್! ಐದೇ ಗಂಟೇಲಿ ಕರೆಂಟ್ ಕೊಟ್ವಿ." ಆಪರೇಟರ್ ಹಿಗ್ಗಿ ಹೀರೆಕಾಯಿ.
ಒಂದೇ ಸಲಕ್ಕೆ. ನಾನಿಲ್ಲದೆ.
ಅಂದರೆ ಆ ಸೋಮವಾರದ ಬಸ್ಸು ಹತ್ತಿದ್ದರೆ, ಮಂಗಳವಾರಕ್ಕೆಲ್ಲ ಆ ಬಾಗಿಲಲ್ಲಿ ನಾನು —