ನಿಘಂಟಿನ ಹೊರಗೆ ಉಳಿದ ಚರ್ಚೆ

ಹಾವೇರಿ, ಆಶ್ವಯುಜ ಬಹುಳ ದಶಮಿ, ಬುಧವಾರ

ಪೂಜೆಯಲ್ಲಿಯೂ ಚಿತ್ತ ನಿಲ್ಲಲಿಲ್ಲ. ಯಾರು ಬೇಕಾದರೂ ಬಳಸಿ ತಿದ್ದಬಹುದಾದ ನಮ್ಮ ಓಪನ್ ಸೋರ್ಸ್ ಹಳಗನ್ನಡ ನಿಘಂಟನ್ನು ಇರಿಸಿರುವ ಜಾಲತಾಣವು ಶುಕ್ರವಾರ ಮತ್ತೊಂದು ತಾಣದಲ್ಲಿ ವಿಲೀನವಾಗಲಿದೆ. ನಿಘಂಟಿನ ಫೈಲುಗಳನ್ನು ನೋಡಿಕೊಳ್ಳುವ ಸುಚಿತ್ರಾ ರಾಣೇಬೆನ್ನೂರಿನಿಂದ ಫೋನ್ ಮಾಡಿ, “ಅಜ್ಜಾರ, ಫೈಲ್ ಅಷ್ಟ ಆ ಕಡೆ ಹೋಗ್ತಾವ್ರಿ. ಒಂಬತ್ತ ವರ್ಷದ ನಮ್ಮ ಚರ್ಚೆ ಎಲ್ಲಾ ಅಳಿಸ್ತಾರಂತ” ಎಂದಳು.

ನಿಘಂಟಿನ ಫೈಲಿನಲ್ಲಿ ವಾದವನ್ನು ಬೆರೆಸುವುದು ಅಪಚಾರವೆಂದು ನಿಯಮ ಮಾಡಿದವನು ನಾನೇ. ಆದುದರಿಂದ ಪ್ರತಿಯೊಂದು ಅರ್ಥದ ಆಧಾರವೂ ತಾಣದ ಚರ್ಚೆಯ ಪುಟಗಳಲ್ಲಿಯೇ ಉಳಿದಿದೆ.

“ಆ ಚರ್ಚೆ ಎಲ್ಲಾ ಫೈಲಿನಾಗ ತುಂಬಲೇನ್ರಿ? ನಿಮ್ಮ ಮಡಿ ಕೆಡತೈತಿ ಮತ್ತ!” ಎಂದು ಕೆಣಕಿದಳು.

“ತುಂಬವ್ವಾ, ಲಗೂ ತುಂಬು” ಎಂದೆ.

ನಮ್ಮೊಡನೆ ನಿಘಂಟಿಗೆ ದುಡಿದ ಬ್ಯಾಡಗಿಯ ಹುಲಿಗೇಶ, ನಾನು ಕೊಟ್ಟ ಅರ್ಥವೊಂದನ್ನು ಅಲ್ಲಗಳೆದು ತಾನು ತೀರಿಕೊಳ್ಳುವ ಮುನ್ನ ಬರೆದ ಸಾಲುಗಳೂ ಅಲ್ಲಿಯೇ ಇವೆ. ಅಹಂಕಾರದಿಂದ ನಾನು ಅವಕ್ಕೆ ಉತ್ತರವನ್ನೇ ಬರೆಯಲಿಲ್ಲ. ಅವನು ಹೇಳಿದ್ದೇ ಸರಿ. ಮೊದಲು ಅವನ್ನೇ ಇಳಿಸಿಕೊಳ್ಳೆಂದು ಬೆಳಗಾದೊಡನೆ ಸುಚಿತ್ರಾಳಿಗೆ ಹೇಳಬೇಕು.