ಮೂರನೆಯ ಹೆಸರು

ಅನಂತಪುರ
೧೯೩೪ನೇ ಇಸವಿ ಜುಲೈ ೨೨, ಭಾನುವಾರ

ಪ್ರೀತಿಯ ಗಂಗಣ್ಣನಿಗೆ ತಮ್ಮನ ನಮಸ್ಕಾರ.

ಹೇಗಿದ್ದೀಯ ಅಣ್ಣ? ಅವ್ವನ ಮಂಡಿನೋವು ಇಳಿಯಿತೇ? ನಮ್ಮೂರು ರೊಳ್ಳದ ಕಡೆ ಹದವಾದ ಮಳೆಯಾಗಿ ಕಡ್ಲೆಕಾಯಿ ಬಿತ್ತನೆ ಮುಗಿದಿದೆಯೆಂದು ನಂಬಿದ್ದೇನೆ. ನಾನು ಚೆನ್ನಾಗಿದ್ದೇನೆ. ಹಾಸ್ಟೆಲಿನಲ್ಲಿ ಎರಡು ಹೊತ್ತೂ ಬರೀ ಅನ್ನ. ಉಂಡು ಕೈ ತೊಳೆಯುವಷ್ಟರಲ್ಲಿ ಮತ್ತೆ ಹಸಿವು. ಅವ್ವ ಕಟ್ಟಿಕೊಟ್ಟ ಹುರಿಹಿಟ್ಟೇ ಕಾಪಾಡುತ್ತಿದೆ. ಇದನ್ನು ಅವಳಿಗೆ ಹೇಳಬೇಡ, ಸುಮ್ಮನೆ ಕೊರಗುತ್ತಾಳೆ.

ಈಗ ಸಂಗತಿಗೆ ಬರುತ್ತೇನೆ. ಗಿರಿ ನನಗೆ ಕೈಕೊಟ್ಟ. ಚಿಕ್ಕಪ್ಪ ತೀರಿಕೊಂಡಾಗಿನಿಂದ ನಮ್ಮ ಮನೆಯಲ್ಲೇ ಬೆಳೆದು, ನನ್ನ ತಟ್ಟೆಯಲ್ಲೇ ಕೈಯಿಟ್ಟು ಉಂಡವನು ಹೀಗೆ ಮಾಡಿದ. ಇಲ್ಲಿ ಕಾಲೇಜಿನಲ್ಲಿ ಇಂಗ್ಲಿಷಿನ ಜೊತೆಗೆ ಕನ್ನಡ ಓದಬೇಕೆಂದರೆ ಮೂವರಾದರೂ ಹೆಸರು ಕೊಡಬೇಕು, ಇಲ್ಲದಿದ್ದರೆ ಪಂಡಿತರನ್ನು ನೇಮಿಸುವುದಿಲ್ಲ. ಈ ವರ್ಷ ಇದ್ದವರೇ ಮೂವರು: ನಾನು, ಗಿರಿ, ರಾಯದುರ್ಗದ ಸಣ್ಣಬಸಪ್ಪ. ಹೇಮಾವತಿಯ ಸಿದ್ದೇಶ್ವರನ ಮೇಲೆ ಆಣೆಯಿಟ್ಟು ಒಟ್ಟಿಗೇ ಹೋಗಿ ಹೆಸರು ಬರೆಸಿದ್ದೆವು. ಗುರುವಾರ ನೋಡಿದರೆ ಗಿರಿಯ ಹೆಸರು ತೆಲುಗಿನ ಪಟ್ಟಿಯಲ್ಲಿದೆ! ಅವನ ತಾಯಿಯ ಕಡೆಯವರು ತೆಲುಗರು, ಅವನಿಗೆ ಓದು ಬರಹ ಸಲೀಸು. ನನಗೆ ಸಂತೆಯಲ್ಲಿ ಮಾತಾಡುವಷ್ಟು ಬರುತ್ತದೆ, ಪುಸ್ತಕ ಹಿಡಿದರೆ ತಿಣುಕಾಟ. ಕನ್ನಡ ನಿಂತರೆ ನನ್ನ ಓದೂ ನಿಂತ ಹಾಗೆಯೇ. ಸಣ್ಣಬಸಪ್ಪ ಕೇಳಿದ್ದು ಒಂದೇ ಮಾತು: "ನಿಮ್ಮ ಮನಿಯವನೇ ಹಿಂಗ ಮಾಡಿದ್ರ ನಾವು ಯಾರನ್ನ ನಂಬಬೇಕ್ರಿ?"

ಮೂರು ದಿನದಿಂದ ಗಿರಿ ನನಗೆ ಮುಖ ತೋರಿಸಿಲ್ಲ. ಬರುವ ಶನಿವಾರದವರೆಗೆ ಹೆಸರು ಬದಲಿಸಬಹುದಂತೆ. ನೀನು ಕೂಡಲೇ ಅವನಿಗೆ ಒಂದು ಕಾಗದ ಬರೆದು ಬುದ್ಧಿ ಹೇಳು. ನಿನ್ನ ಮಾತನ್ನು ಅವನು ಮೀರುವುದಿಲ್ಲ. ನಾನು ಹೇಳಿಕೊಳ್ಳಲು ನಿನ್ನನ್ನು ಬಿಟ್ಟರೆ ಯಾರಿದ್ದಾರೆ ಅಣ್ಣ?

ಅವ್ವನಿಗೆ, ಅತ್ತಿಗೆಗೆ ನನ್ನ ನಮಸ್ಕಾರ. ಮಗುವಿಗೆ ಮುದ್ದು.

ನಿನ್ನ ತಮ್ಮ,
ಲಕ್ಷ್ಮೀನರಸಪ್ಪ

ವಿ.ಸೂ.: ಲಕೋಟೆ ಅಂಟಿಸುವ ಹೊತ್ತಿಗೆ ಗಿರಿ ಅಳುತ್ತಾ ಬಂದು, ನೀನು ಅವನಿಗೆ ಬರೆದಿದ್ದ ಕಾಗದವನ್ನು ನನ್ನ ಕೈಗಿಟ್ಟ. ಹೆಸರು ಬದಲಿಸಲು ಹೇಳಿದವನು ನೀನೇ. ಕನ್ನಡ ನಿಂತುಹೋದರೆ ನಾನಾಗಿಯೇ ಊರಿಗೆ ಬರುತ್ತೇನೆ, ಹೊಲದ ಕೆಲಸಕ್ಕೆ ಒಂದು ಕೈಯಾಗುತ್ತದೆ ಎಂದು ಬರೆದಿದ್ದೀಯ. ಮತ್ತೆ ಬದಲಿಸೋ ಎಂದು ಅವನನ್ನು ಬೇಡಿಕೊಂಡೆ. "ಅಣ್ಣ ಬ್ಯಾಡ ಅಂದಮ್ಯಾಲೆ ಹೆಂಗೆ ಬದಲಾಯಿಸ್ಲಿ? ಅವನು ಹಾಕಿದ ಅನ್ನ ತಿಂದೀನಿ" ಅಂದ. ಬಾ ಎಂದು ಒಂದು ಮಾತು ಬರೆದಿದ್ದರೆ ಅವತ್ತೇ ಬಂದುಬಿಡುತ್ತಿದ್ದೆನಲ್ಲ ಅಣ್ಣ. ಈಗ ಬರುವುದಿಲ್ಲ. ನಪಾಸಾದರೂ ಸರಿ, ನಾಳೆಯಿಂದ ತೆಲುಗು ತರಗತಿಯಲ್ಲೇ ಕೂರುತ್ತೇನೆ. ಹಬ್ಬಕ್ಕೂ ನಾನು ಯಾಕೆ ಬರಲಿಲ್ಲವೆಂದು ಅವ್ವ ಕೇಳಿದರೆ, ನೀನೇ ಹೇಳು.